ಕರುಳ ರೋಗಾಣುವಿನ ಗುರುತು ಹುಡುಕಿದ ಕಥೆ

ನಮ್ಮ ಮನೆಗಳಲ್ಲಿ ಹಿರಿಯರು ಟೈಫಾಯ್ಡನ್ನು ‘ಮಿಯಾದಿ ಬುಖಾರ್’ ಎನ್ನುತ್ತಿದ್ದರು. ಮಿಯಾದ್ ಎಂದರೆ ಗಡುವು, ವಾಯಿದೆ. ತನ್ನ ವಾಯಿದೆ ಮುಗಿಯುವವರೆಗೆ ಇಳಿಯದ ಜ್ವರ ಅದು. ಮೂರು ವಾರ ರೋಗಿಯನ್ನು ಹಾಸಿಗೆಯಲ್ಲಿ ಹಿಡಿದಿಡುತ್ತಿತ್ತು. ಆಮೇಲೆ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕನ್ನಡದಲ್ಲಿ ಇದೇ ವಿಷಮಶೀತ ಜ್ವರ. ಕಾಲರಾಕ್ಕೆ ಉರ್ದುವಿನಲ್ಲಿ ಹೈಜಾ, ಕನ್ನಡದಲ್ಲಿ ವಾಂತಿಭೇದಿ. ಎರಡೂ ಭಾಷೆಗಳ ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಜನರಿಗೆ ರೋಗದ ನಡೆ ಗೊತ್ತಿತ್ತು, ಅದರ ಗಡುವೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ರೋಗ ತರುವವನ ಮುಖ.

ಆ ಮುಖ ಕಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. 1880ರಲ್ಲಿ ಜರ್ಮನಿಯ ಕಾರ್ಲ್ ಎಬರ್ತ್ ಟೈಫಾಯ್ಡ್ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕುಳಿತು ಕಾಲರಾದ ಬಾಗಿದ ರೋಗಾಣುವನ್ನು ಬೇರ್ಪಡಿಸಿದ. ಅಲ್ಲಿಂದ ಶುರುವಾದ ಪ್ರಶ್ನೆಯೊಂದು ಇಂದಿಗೂ ಮುಗಿದಿಲ್ಲ. ಈ ರೋಗಾಣುವಿನ ಯಾವ ಭಾಗವನ್ನು ನಮ್ಮ ದೇಹಕ್ಕೆ ಮೊದಲೇ ತೋರಿಸಿಟ್ಟರೆ, ನಿಜವಾದ ರೋಗಾಣು ಬಂದಾಗ ದೇಹ ಅದನ್ನು ಗುರುತು ಹಿಡಿದೀತು? ತೋರಿಸುವ ಆ ಭಾಗವೇ ನಮಗೆ ಕೇಡು ಮಾಡದಂತೆ ನೋಡಿಕೊಳ್ಳುವುದು ಹೇಗೆ? ಲಸಿಕೆಯ ಇತಿಹಾಸವೆಂದರೆ ಬಹುಪಾಲು ಈ ಎರಡು ಪ್ರಶ್ನೆಗಳ ಇತಿಹಾಸ. ಅದರ ಇತ್ತೀಚಿನ ಒಂದೆರಡು ಅಧ್ಯಾಯಗಳು ನಮ್ಮ ಬೆಂಗಳೂರಿನಲ್ಲಿಯೇ, ಸಾಫ್ಟ್‌ವೇರಿಗೆ ಹೆಸರಾದ ವೈಟ್‌ಫೀಲ್ಡಿನ ಕಂಪ್ಯೂಟರುಗಳ ಮುಂದೆ ನಡೆದಿವೆ ಎಂಬುದು ಆ ಕಡೆ ದಿನಾ ಬಸ್ಸು ಹತ್ತುವ ಅನೇಕರಿಗೂ ತಿಳಿದಿಲ್ಲ.

ಲಸಿಕೆ ಡಿಪೋದ ಡಾಕ್ಟರು

ಬೆಂಗಳೂರಿಗೂ ಲಸಿಕೆಗೂ ಇರುವ ನಂಟು ಕಂಪ್ಯೂಟರಿಗಿಂತ ಬಹಳ ಹಳೆಯದು. ತಿರುವಾಂಕೂರಿನ ಡಾ. ಪಲ್ಪು ಎಂಬವರ ಹೆಸರನ್ನು ಇಲ್ಲಿ ನೆನೆಯಬೇಕು. ಈಳವ ಜಾತಿಯಲ್ಲಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ, ವೈದ್ಯಕೀಯ ಓದಿದ್ದರೂ, ಸ್ವಂತ ನಾಡಿನ ಸರಕಾರ ಅವರಿಗೆ ಕೆಲಸ ಕೊಡಲಿಲ್ಲ. ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿನ ಲಸಿಕೆ ಡಿಪೋದಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಹೊಣೆ ಹೊತ್ತ ಅವರು, 1898ರ ಆಗಸ್ಟಿನಲ್ಲಿ ಊರಿಗೆ ಪ್ಲೇಗು ನುಗ್ಗಿದಾಗ ಪ್ಲೇಗಿನ ಶಿಬಿರಗಳಲ್ಲಿ ದುಡಿದರು. ಮುಟ್ಟಬಾರದವನೆಂದು ಒಂದು ನಾಡು ದೂರ ಇಟ್ಟ ಕೈ, ಇನ್ನೊಂದು ನಾಡಿನಲ್ಲಿ ಎಲ್ಲರೂ ಮುಟ್ಟಲು ಹೆದರುತ್ತಿದ್ದ ರೋಗಿಗಳನ್ನು ಮುಟ್ಟಿತು. ಮುಂದೆ ಇದೇ ಪಲ್ಪು ನಾರಾಯಣ ಗುರುಗಳ ಜೊತೆ ಸೇರಿ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಕಟ್ಟುವುದರಲ್ಲಿ ಪಾಲುಗೊಂಡರು.

ಆ ಪ್ಲೇಗು ಬೆಂಗಳೂರಿನ ರೂಪವನ್ನೇ ಬದಲಿಸಿತು. ಮಲ್ಲೇಶ್ವರ, ಬಸವನಗುಡಿಯ ಅಗಲವಾದ ಬೀದಿಗಳು ತುಂಬಿಕೊಂಡದ್ದು, ವಿಕ್ಟೋರಿಯಾ ಆಸ್ಪತ್ರೆ ಬಂದದ್ದು, ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದದ್ದು ಎಲ್ಲವೂ ಆ ಭಯದ ಬೆನ್ನಿಗೇ. ಗಾಳಿ ಬೆಳಕು ಇರುವ ಮನೆ, ಶುದ್ಧವಾದ ನೀರು ಇವೂ ಔಷಧವೇ ಎಂಬುದು ಆಗಿನ ಸರಕಾರಕ್ಕೆ ಹೊಳೆದಿತ್ತು. 1890ರ ದಶಕದಲ್ಲಿಯೇ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ ಊರಿಗೆ ಕೊಳಾಯಿ ನೀರು ತರಲಾಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಕೊನೆಗೆ ಮತ್ತೆ ನೀರಿಗೇ ಬರಬೇಕಾಗುತ್ತದೆ.

ಇಡೀ ರೋಗಾಣುವಿನ ಕಾಲ

ಮೊದಲ ಪೀಳಿಗೆಯ ವಿಜ್ಞಾನಿಗಳ ಉಪಾಯ ಸರಳವಾಗಿತ್ತು. ಯಾವ ಭಾಗ ತೋರಿಸಬೇಕೆಂದು ಗೊತ್ತಿಲ್ಲದಿದ್ದರೆ ಇಡೀ ರೋಗಾಣುವನ್ನೇ ತೋರಿಸುವುದು. ಒಡೆಸ್ಸಾದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಪ್ಯಾರಿಸ್ಸಿನಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈನಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. 1893ರಲ್ಲಿ ಕಲ್ಕತ್ತೆಗೆ ಬಂದ. ಮರುವರ್ಷ ಅಲ್ಲಿನ ಕಾಟ್ಟಲ್ ಬಾಗಾನ್ ಎಂಬ ಬಡವರ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಸುಮಾರು 200 ಮಂದಿಯಲ್ಲಿ 116 ಮಂದಿಗೆ ಲಸಿಕೆ ಹಾಕಿದ. ಆಮೇಲೆ ಕಾಯಿಲೆ ಬಿದ್ದವರು ಹಾಕಿಸಿಕೊಳ್ಳದ ಗುಂಪಿನವರು. ಬಸ್ತಿಯ ಬಡವರ ಮೈಯಲ್ಲಿ ಬರೆದ ಈ ಲೆಕ್ಕವೇ ಮುಂದಿನ ಲಸಿಕೆ ಪರೀಕ್ಷೆಗಳಿಗೆ ಮೇಲ್ಪಂಕ್ತಿಯಾಯಿತು.

ಟೈಫಾಯ್ಡಿನ ವಿಚಾರದಲ್ಲಿ ಇದೇ ಕೆಲಸವನ್ನು 1896ರಲ್ಲಿ ಇಂಗ್ಲೆಂಡಿನ ಆಲ್ಮ್ರೋತ್ ರೈಟ್ ಮತ್ತು ಜರ್ಮನಿಯ ಫೈಫರ್, ಕೊಲ್ಲೆ ಇವರು ಬೇರೆ ಬೇರೆಯಾಗಿ ಮಾಡಿದರು. ರೋಗಾಣುವನ್ನು ಬಿಸಿ ಮಾಡಿ ಕೊಂದು ಚುಚ್ಚುವುದು. 1898ರಲ್ಲಿ ಪ್ಲೇಗು ಆಯೋಗದ ಸದಸ್ಯನಾಗಿ ಭಾರತಕ್ಕೆ ಬಂದ ರೈಟ್, ಬಿಡುವಿನಲ್ಲಿ ಇಲ್ಲಿನ ಸುಮಾರು 4000 ಸೈನಿಕರಿಗೆ ಈ ಲಸಿಕೆ ಹಾಕಿದ. ಸೈನಿಕರ ಗೊಣಗಾಟ ಕಡಿಮೆ ಇರಲಿಲ್ಲ. ತೋಳು ಊದಿ ಜ್ವರ ಬಂದು ಒಂದೆರಡು ದಿನ ಮಲಗಬೇಕಾಗುತ್ತಿತ್ತು. ಸತ್ತ ರೋಗಾಣುವಿನ ಹೊರಪೊರೆಯಲ್ಲಿರುವ ವಿಷವಸ್ತುವೇ ಇದಕ್ಕೆ ಕಾರಣ. ಗುರುತು ಹಿಡಿಯಲು ಬೇಕಾದ ಒಂದು ತುಣುಕಿನ ಜೊತೆ ಬೇಡದ ನೂರು ತುಣುಕುಗಳನ್ನೂ ದೇಹಕ್ಕೆ ತುಂಬಿಸಿದ್ದರ ಫಲ ಇದು.

ಹಾಗೆಂದು ಆ ಲಸಿಕೆ ಸುಳ್ಳೇನೂ ಆಗಿರಲಿಲ್ಲ. 1950, 60ರ ದಶಕಗಳಲ್ಲಿ ಯುಗೊಸ್ಲಾವಿಯ, ಗಯಾನಾ ಮೊದಲಾದ ಕಡೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಅದು ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ ಎಂಬುದು ಸಾಬೀತಾಯಿತು. ಆದರೆ ಆರೋಗ್ಯವಂತ ಮಗುವಿಗೆ ಎರಡು ದಿನ ಜ್ವರ ತರಿಸುವ ಚುಚ್ಚುಮದ್ದನ್ನು ಯಾವ ತಾಯಿ ಸಂತೋಷದಿಂದ ಹಾಕಿಸಿಯಾಳು? ಲಸಿಕೆ ರೋಗಿಗೆ ಕೊಡುವ ಮದ್ದಲ್ಲ, ಆರೋಗ್ಯವಂತನಿಗೆ ಕೊಡುವಂಥದ್ದು. ಹಾಗಾಗಿ ಔಷಧದಲ್ಲಿ ಜನ ಸಹಿಸಿಕೊಳ್ಳುವ ತೊಂದರೆಯನ್ನು ಲಸಿಕೆಯಲ್ಲಿ ಸಹಿಸುವುದಿಲ್ಲ. ಹಾಫ್ಕಿನ್ನನೇ ಇದರ ಬಿಸಿ ಅನುಭವಿಸಿದ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಅವನ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದೇ ಒಂದು ಬಾಟಲಿ ಕಲುಷಿತವಾಗಿತ್ತು. ಅವನು ಹುದ್ದೆ ಕಳೆದುಕೊಂಡ. ಆರೋಪದಿಂದ ಮುಕ್ತನಾಗಲು 1907ರವರೆಗೆ ಕಾಯಬೇಕಾಯಿತು. ಜನರ ನಂಬಿಕೆ ಒಂದು ಬಾಟಲಿಯಿಂದ ಹೋಗುತ್ತದೆ, ಮರಳಿ ಬರಲು ವರ್ಷಗಳು ಬೇಕು.

ಹಜ್ ಯಾತ್ರಿಕರ ರೋಗಾಣು

ಈ ಕಥೆಯಲ್ಲಿ ನಮ್ಮ ಓದುಗರಿಗೆ ಹತ್ತಿರವಾದ ಒಂದು ಎಳೆಯೂ ಉಂಟು. 1865ರಲ್ಲಿ ಹಜ್ಜಿನ ಕಾಲದಲ್ಲಿ ಮಕ್ಕಾದಲ್ಲಿ ಕಾಲರಾ ಹರಡಿ, ಯಾತ್ರಿಕರ ಹಡಗುಗಳ ಜೊತೆ ಯುರೋಪನ್ನೂ ಮುಟ್ಟಿತು. ಮರುವರ್ಷ ಇಸ್ತಾಂಬುಲಿನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. ಕೆಂಪು ಸಮುದ್ರದ ದಂಡೆಯಲ್ಲಿ ಹಾಜಿಗಳನ್ನು ತಡೆದು ನಿಲ್ಲಿಸುವ ಶಿಬಿರಗಳು ಎದ್ದವು. ಸಿನಾಯಿಯ ಅಲ್ ತೂರ್ ಅಂಥದೊಂದು ಶಿಬಿರ. 1905ರಲ್ಲಿ ಅಲ್ಲಿ ತೀರಿಕೊಂಡ ಯಾತ್ರಿಕರ ಕರುಳಿನಿಂದ ಬೇರ್ಪಡಿಸಿದ ಒಂದು ಬಗೆಯ ಕಾಲರಾ ರೋಗಾಣುವಿಗೆ ಆ ಊರಿನ ಹೆಸರೇ ಅಂಟಿಕೊಂಡಿತು: ಎಲ್ ತೋರ್. 1961ರಲ್ಲಿ ಇಂಡೋನೇಷ್ಯಾದಿಂದ ಹೊರಟು 1964ರ ಹೊತ್ತಿಗೆ ಭಾರತಕ್ಕೆ ಬಂದು ಜಗತ್ತನ್ನೇ ಸುತ್ತಿದ ಏಳನೆಯ ಕಾಲರಾ ಮಹಾಮಾರಿ ಈ ಎಲ್ ತೋರ್ ಬಗೆಯದೇ. ಊರು ಸೇರದೆ ಮರಳುಗಾಡಿನ ಶಿಬಿರದಲ್ಲಿ ಕಣ್ಣು ಮುಚ್ಚಿದ ಆ ಹಾಜಿಗಳ ಹೆಸರುಗಳು ಎಲ್ಲಿಯೂ ಇಲ್ಲ. ಅವರ ಕರುಳಿನಲ್ಲಿ ಸಿಕ್ಕ ರೋಗಾಣುವಿನ ಹೆಸರು ಮಾತ್ರ ಎಲ್ಲ ವೈದ್ಯಕೀಯ ಪುಸ್ತಕಗಳಲ್ಲಿದೆ.

ಒಂದು ಕಾಲದಲ್ಲಿ ಗಡಿ ದಾಟುವ ಪ್ರಯಾಣಿಕರೆಲ್ಲ ಕಾಲರಾ ಚುಚ್ಚುಮದ್ದಿನ ಚೀಟಿ ಹಿಡಿದಿರಬೇಕಿತ್ತು. ಚುಚ್ಚುಮದ್ದು ಕೊಡುವ ರಕ್ಷಣೆ ಅಲ್ಪ, ಅದೂ ಕೆಲವೇ ತಿಂಗಳು ಎಂಬುದು ಮನವರಿಕೆಯಾದ ಮೇಲೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಚೀಟಿಯ ನಿಯಮವನ್ನು ಕೈಬಿಟ್ಟಿತು.

ಒಂದು ತುಣುಕಿನ ಹುಡುಕಾಟ

ಇಡೀ ರೋಗಾಣು ಬೇಡ, ಸರಿಯಾದ ತುಣುಕೊಂದು ಸಾಕು ಎಂಬ ದಾರಿ ತೆರೆದವರಲ್ಲಿ ದೊಡ್ಡ ಹೆಸರು ಕಲ್ಕತ್ತೆಯ ಶಂಭುನಾಥ ಡೇ ಅವರದು. ಕಾಲರಾ ರೋಗಾಣು ರಕ್ತಕ್ಕೆ ನುಗ್ಗುವುದಿಲ್ಲ, ಕರುಳಿನೊಳಗೇ ಇರುತ್ತದೆ. ಆದರೂ ಗಂಟೆಗಳಲ್ಲಿ ಮನುಷ್ಯನ ಮೈಯ ನೀರನ್ನೆಲ್ಲ ಹೇಗೆ ಹಿಂಡುತ್ತದೆ? ಡೇ ಅವರು ರೋಗಾಣುಗಳನ್ನು ಸೋಸಿ ತೆಗೆದ ಬರೀ ದ್ರವವನ್ನು ಮೊಲದ ಕರುಳಿಗೆ ಹಾಕಿ ನೋಡಿದರು. ರೋಗಾಣುವೇ ಇಲ್ಲದಿದ್ದರೂ ಕರುಳು ನೀರು ತುಂಬಿ ಊದಿಕೊಂಡಿತು. ಕೊಲ್ಲುವುದು ರೋಗಾಣು ಸುರಿಸುವ ವಿಷ ಎಂದು 1959ರಲ್ಲಿ ಅವರು ಪ್ರಕಟಿಸಿದರು. ಈ ವಿಷಕ್ಕೆ ಎರಡು ಅಂಗ: ಒಂದು ಕರುಳಿನ ಗೋಡೆಗೆ ಅಂಟಿಕೊಳ್ಳುವುದು, ಇನ್ನೊಂದು ಕೇಡು ಮಾಡುವುದು. ಅಂಟಿಕೊಳ್ಳುವ ಭಾಗವನ್ನಷ್ಟೇ ತೆಗೆದುಕೊಂಡರೆ ಅದು ನಿರಪಾಯ. ಸ್ವೀಡನ್ನಿನ ಯಾನ್ ಹೋಮ್‌ಗ್ರೆನ್ ಮತ್ತು ಸಂಗಡಿಗರು ಈ ಭಾಗವನ್ನು ಸತ್ತ ರೋಗಾಣುವಿನ ಜೊತೆ ಸೇರಿಸಿ ಕುಡಿಯುವ ಲಸಿಕೆ ಮಾಡಿದರು. ಮುಂದೆ ವಿಯೆಟ್ನಾಮಿನವರು ಅದನ್ನು ಇನ್ನೂ ಸರಳಗೊಳಿಸಿದರು. ಅದೇ ಜಾಡಿನಲ್ಲಿ ಹೈದರಾಬಾದಿನಲ್ಲಿ ತಯಾರಾದ ಶಾಂಕಾಲ್ ಎಂಬ ಅಗ್ಗದ ಲಸಿಕೆಗೆ 2009ರಲ್ಲಿ ಭಾರತದ ಪರವಾನಗಿ ಸಿಕ್ಕಿತು.

ಟೈಫಾಯ್ಡಿನಲ್ಲಿ ಸಿಕ್ಕ ತುಣುಕು ಬೇರೆ ಜಾತಿಯದು. 1934ರಲ್ಲಿ ಫೀಲಿಕ್ಸ್ ಮತ್ತು ಪಿಟ್ ಎಂಬಿಬ್ಬರು ಈ ರೋಗಾಣುವಿನ ಮೈಮೇಲೆ ಸಕ್ಕರೆಯ ಜಾತಿಯ ಒಂದು ಹೊದಿಕೆಯನ್ನು ಗುರುತಿಸಿ ಅದಕ್ಕೆ ‘ವಿಐ’ ಎಂದು ಹೆಸರಿಟ್ಟರು. ಈ ಬುರುಖಾ ಹೊದ್ದೇ ರೋಗಾಣು ನಮ್ಮ ದೇಹದ ಕಾವಲುಗಾರರ ಕಣ್ಣು ತಪ್ಪಿಸುತ್ತದೆ. ಹೊದಿಕೆಯನ್ನೇ ಗುರುತು ಮಾಡಿಕೊಂಡರೆ? 1980ರ ದಶಕದಲ್ಲಿ ಅಮೆರಿಕದ ಜಾನ್ ರಾಬಿನ್ಸ್ ಮೊದಲಾದವರು ಅದನ್ನು ಕೆಡದಂತೆ ಬೇರ್ಪಡಿಸಿದರು. ನೇಪಾಳದಲ್ಲಿ ನಡೆದ ಪರೀಕ್ಷೆಯ ಫಲ 1987ರಲ್ಲಿ ಬಂತು. ಒಂದೇ ಚುಚ್ಚು, ಹಿಂದಿನಂತೆ ಜ್ವರವೂ ಇಲ್ಲ. ಒಂದೇ ಕೊರತೆಯೆಂದರೆ, ಬರೀ ಸಕ್ಕರೆಯನ್ನು ಎರಡು ವರ್ಷದೊಳಗಿನ ಕೂಸುಗಳ ದೇಹ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಗಂಟು ಹಾಕುವ ಉಪಾಯ ಬಂತು. ಹಾಗೆ ಮಾಡಿದ ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಫಾಯ್ಡ್ ಲಸಿಕೆಗೆ 2013ರಲ್ಲಿ ಭಾರತದಲ್ಲಿ ಪರವಾನಗಿ ದೊರೆಯಿತು.

ಹೋಲಿಕೆಯ ಅಪಾಯ

ಇಲ್ಲಿಗೆ ಕಥೆ ಸುಖಾಂತವಾಗಬಹುದಿತ್ತು. ಆಗಲಿಲ್ಲ. ಎಲ್ಲ ಕರುಳ ರೋಗಾಣುಗಳೂ ಇಂಥ ಅನುಕೂಲದ ಹೊದಿಕೆ ಹೊದ್ದಿರುವುದಿಲ್ಲ. ಟೈಫಾಯ್ಡಿನ ತಮ್ಮನಂತಿರುವ ಪ್ಯಾರಾಟೈಫಾಯ್ಡ್ ‘ಎ’ ರೋಗಾಣುವಿಗೆ ವಿಐ ಹೊದಿಕೆಯೇ ಇಲ್ಲ. ಮೇಲೆ ಹೇಳಿದ ಲಸಿಕೆ ಅದರ ಮುಂದೆ ಕೆಲಸ ಮಾಡದು. ರಕ್ತಭೇದಿ ತರುವ ಶಿಗೆಲ್ಲಾದಲ್ಲಿ ಹತ್ತಾರು ಉಪಜಾತಿಗಳು, ಒಂದೊಂದರ ಹೊರಮೈ ಒಂದೊಂದು ಥರ.

ಇನ್ನೂ ದೊಡ್ಡ ತೊಡಕು ಹೋಲಿಕೆಯದು. ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಸರಿಯಾಗಿ ಬೇಯದ ಕೋಳಿಮಾಂಸದಿಂದಲೂ ಕೆಟ್ಟ ನೀರಿನಿಂದಲೂ ಹೊಟ್ಟೆ ಸೇರಿ ಭೇದಿ ತರುತ್ತದೆ. ಅದರ ಹೊರಮೈಯ ಕೆಲವು ತುಣುಕುಗಳು ನಮ್ಮ ನರಗಳ ಮೇಲಿರುವ ವಸ್ತುವನ್ನೇ ಹೋಲುತ್ತವೆ. ರೋಗಾಣುವಿನ ಮೇಲೆ ಹೊರಟ ದೇಹದ ಸೈನ್ಯ ಕೆಲವೊಮ್ಮೆ ಈ ಹೋಲಿಕೆಗೆ ಮೋಸಹೋಗಿ ಸ್ವಂತ ನರಗಳ ಮೇಲೇ ಬೀಳುತ್ತದೆ. ಕೈಕಾಲು ಬಲ ಕಳೆದುಕೊಳ್ಳುವ ಈ ಕಾಯಿಲೆಗೆ ಗಿಲ್ಲನ್ ಬಾರೆ ಎಂದು ಹೆಸರು. ಅರಿಯದೆ ಅಂಥ ತುಣುಕನ್ನೇ ಲಸಿಕೆಗೆ ಆರಿಸಿಕೊಂಡರೆ ಏನಾಗಬಹುದು ಎಂಬುದನ್ನು ಹೇಳಬೇಕಾಗಿಲ್ಲ. 2000–01ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದೇ ಬಗೆಯ ಎಚ್ಚರಿಕೆಯ ಗಂಟೆ ಮೊಳಗಿತು. ಅಲ್ಲಿ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯೊಂದಕ್ಕೆ ಚುರುಕು ತುಂಬಲೆಂದು ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ ವಿಷವನ್ನು ಬೆರೆಸಿದ್ದರು. ಹಾಕಿಸಿಕೊಂಡ ಕೆಲವರ ಮುಖದ ಒಂದು ಬದಿ ಸೊಟ್ಟಗಾಯಿತು. ಲಸಿಕೆಯನ್ನು ಹಿಂದಕ್ಕೆ ಪಡೆಯಲಾಯಿತು. ಕರುಳಿನ ದಾರಿಯಲ್ಲಿ ತೊಂದರೆ ಕೊಡದ ವಸ್ತು ಮೂಗಿನ ದಾರಿಯಲ್ಲಿ ಕೊಡಬಹುದು ಎಂಬ ಪಾಠ ಆಗ ಸಿಕ್ಕಿತು.

ಮತ್ತೂ ಒಂದು ಮಾತು. ನಮ್ಮ ಕರುಳು ರೋಗಾಣುಗಳಿಗಷ್ಟೇ ಮನೆಯಲ್ಲ. ಅನ್ನ ಅರಗಿಸಲು, ಜೀವಸತ್ವ ತಯಾರಿಸಲು ನೆರವಾಗುವ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅಲ್ಲಿ ಬಾಳುತ್ತವೆ. ಕೆಟ್ಟ ಶಿಗೆಲ್ಲಾವೂ ಬಡಪಾಯಿ ಇ. ಕೋಲೈಯೂ ವಂಶಾವಳಿಯ ಲೆಕ್ಕದಲ್ಲಿ ಒಂದೇ ಮನೆತನ. ಕಳ್ಳನನ್ನು ಹಿಡಿಯಲು ಹೋಗಿ ಇಡೀ ಬೀದಿಯ ಜನರನ್ನು ಹಿಡಿದೊಯ್ಯುವ ಪೊಲೀಸರಂತೆ ಲಸಿಕೆ ವರ್ತಿಸಬಾರದು. ಹೆಸರು, ಮುಖ, ಉಡುಪು ನೋಡಿ ಗುಂಪಿಗೆ ಗುಂಪನ್ನೇ ಸಂಶಯಿಸುವುದರ ನೋವು ಬಲ್ಲ ನಮಗೆ ಈ ಹೋಲಿಕೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಅವನೊಬ್ಬನಲ್ಲಿ ಮಾತ್ರ ಇರುವ, ನೆರೆಯವರಲ್ಲಿ ಇಲ್ಲದ, ನಮ್ಮ ಮೈಯಲ್ಲಂತೂ ಇರಲೇಬಾರದ ಗುರುತು ಬೇಕು. ಸುರಕ್ಷಿತ ಲಸಿಕೆ ಗುರಿ ಎಂದರೆ ಇದೇ.

ವೈಟ್‌ಫೀಲ್ಡಿನ ಪಟ್ಟಿ

ಇಂಥ ಗುರುತನ್ನು ಕಣ್ಣಂದಾಜಿನಲ್ಲಿ ಹುಡುಕಲಾಗದು. ಮೂರು ಪಟ್ಟಿಗಳು ಬೇಕು: ರೋಗಾಣುವಿನ ಎಲ್ಲ ಪ್ರೋಟೀನುಗಳದು, ಮನುಷ್ಯನ ಎಲ್ಲ ಪ್ರೋಟೀನುಗಳದು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳದು. ಮೊದಲನೆಯದರಿಂದ ಉಳಿದೆರಡನ್ನು ಕಳೆಯಬೇಕು.

ಮೊದಲ ಪಟ್ಟಿ ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಸಿಗತೊಡಗಿತು. 1997ರಲ್ಲಿ ಇ. ಕೋಲೈಯ, 2000ದಲ್ಲಿ ಕಾಲರಾದ ಎಲ್ ತೋರ್ ರೋಗಾಣುವಿನ, 2001ರಲ್ಲಿ ವಿಯೆಟ್ನಾಮಿನ ರೋಗಿಯೊಬ್ಬರಿಂದ ತೆಗೆದ ಟೈಫಾಯ್ಡ್ ರೋಗಾಣುವಿನ ಸಂಪೂರ್ಣ ವಂಶವಾಹಿ ಲಿಪಿಯನ್ನು ಓದಲಾಯಿತು. ಇಟಲಿಯ ರಿನೊ ರಾಪ್ಪುವೊಲಿ ಈ ಲಿಪಿಯಿಂದಲೇ ಲಸಿಕೆಯ ಗುರಿ ಹುಡುಕುವ ವಿಧಾನವನ್ನು ತೋರಿಸಿಕೊಟ್ಟರು. ಮೆದುಳುಜ್ವರ ತರುವ ಮೆನಿಂಗೊಕಾಕಸ್ ‘ಬಿ’ ಬಗೆಯ ರೋಗಾಣುವಿನ ಸಕ್ಕರೆಯ ಹೊದಿಕೆ ಮನುಷ್ಯನ ನರಕೋಶದ ಮೇಲಿನ ಸಕ್ಕರೆಯನ್ನೇ ಹೋಲುವುದರಿಂದ ಅದನ್ನು ಲಸಿಕೆಗೆ ಬಳಸುವಂತಿರಲಿಲ್ಲ. ರಾಪ್ಪುವೊಲಿಯವರ ತಂಡ ಕಂಪ್ಯೂಟರಿನಲ್ಲಿ ಸುಮಾರು 600 ಪ್ರೋಟೀನುಗಳನ್ನು ಆರಿಸಿ, 350ನ್ನು ತಯಾರಿಸಿ ಇಲಿಗಳಿಗೆ ಕೊಟ್ಟು ನೋಡಿತು. 2000ದಲ್ಲಿ ಪ್ರಕಟವಾದ ಆ ಕೆಲಸ 2013ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಲಸಿಕೆಯಾಯಿತು. ಹಿಂದಿನವರು ರೋಗಾಣುವಿನಿಂದ ಹೊರಟು ತುಣುಕಿಗೆ ಬರುತ್ತಿದ್ದರು. ಇವರು ಲಿಪಿಯಿಂದ ಹೊರಟರು.

ಎರಡನೆಯ ಪಟ್ಟಿಗೆ, ಅಂದರೆ ಮನುಷ್ಯನ ಪಟ್ಟಿಗೆ, ಬೆಂಗಳೂರಿನ ಹೊರವಲಯ ಕೊಟ್ಟ ಕೊಡುಗೆ ದೊಡ್ಡದು. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಲ್ಲಿ ಟೆಕ್ ಪಾರ್ಕಿನ ಊರಾಯಿತು. ಆ ಪಾರ್ಕಿನ ಕಟ್ಟಡವೊಂದರಲ್ಲಿ 2002ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಆರಂಭವಾಯಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ ಅದರ ಸ್ಥಾಪಕರು. ಸುತ್ತಲಿನ ಕಂಪನಿಗಳು ಪರದೇಶದ ಬ್ಯಾಂಕುಗಳ ಲೆಕ್ಕ ಬರೆಯುತ್ತಿದ್ದಾಗ ಇಲ್ಲಿನ ಯುವ ವಿಜ್ಞಾನಿಗಳು ಮನುಷ್ಯದೇಹದ ಲೆಕ್ಕ ಬರೆಯಲು ಕುಳಿತರು. ಜಗತ್ತಿನಲ್ಲಿ ಪ್ರಕಟವಾದ ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಓದಿ, ಯಾವ ಪ್ರೋಟೀನು ಎಲ್ಲಿದೆ, ಏನು ಕೆಲಸ ಮಾಡುತ್ತದೆ, ಯಾವುದರ ಜೊತೆ ಸೇರುತ್ತದೆ ಎಂದು ದಾಖಲಿಸಿದರು. 2003ರಲ್ಲಿ ಹೊರಬಂದ ಈ ಮಾನವ ಪ್ರೋಟೀನುಗಳ ಕೋಶವನ್ನು ಜಗತ್ತಿನ ಸಂಶೋಧಕರು ಬಳಸತೊಡಗಿದರು.

2014ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಮತ್ತು ಈ ಸಂಸ್ಥೆ ಸೇರಿ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವು. 30 ಬಗೆಯ ಆರೋಗ್ಯವಂತ ಅಂಗಾಂಶ ಮತ್ತು ಜೀವಕೋಶಗಳನ್ನು ಪರೀಕ್ಷಿಸಿ 17,294 ವಂಶವಾಹಿಗಳ ಪ್ರೋಟೀನುಗಳನ್ನು ನಿಜವಾಗಿಯೂ ಕಂಡು ಗುರುತಿಸಲಾಗಿತ್ತು. ಆಗಿನ ಲೆಕ್ಕದಲ್ಲಿ ಇದು ಮನುಷ್ಯನ ಪ್ರೋಟೀನು ತಯಾರಿಸುವ ವಂಶವಾಹಿಗಳ ಶೇ. 84ರಷ್ಟು. ಆ ತಂಡದ ಕೇಶವ ಪ್ರಸಾದ್ ಮುಂದೆ ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯ ಕೇಂದ್ರವನ್ನು ನಡೆಸಿದರು. ಈ ನಕ್ಷೆಯನ್ನು ಕರುಳ ಲಸಿಕೆಗೆಂದೇ ಮಾಡಿದ್ದಲ್ಲ. ಆದರೆ ‘ಇದು ನಮ್ಮದು, ಇದನ್ನು ಮುಟ್ಟಬೇಡ’ ಎಂದು ಹೇಳಲು ನಮ್ಮದು ಯಾವುದು ಎಂಬ ಪಟ್ಟಿ ಮೊದಲು ಬೇಕಲ್ಲ! ಯಾವ ರೋಗಾಣುವಿನ ಲಸಿಕೆಗೇ ಆಗಲಿ, ಗುರಿ ಜರಡಿ ಹಿಡಿಯುವವರು ಇಂಥ ಪಟ್ಟಿಯ ಮುಂದೆ ನಿಲ್ಲಲೇಬೇಕು.

ಮೂರನೆಯ ಪಟ್ಟಿ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳದು, 2010ರಲ್ಲಿ ಯುರೋಪಿನ 124 ಮಂದಿಯ ಮಲ ಪರೀಕ್ಷೆಯಿಂದ ಬಂತು: 33 ಲಕ್ಷ ವಂಶವಾಹಿಗಳ ಕೋಶ. ಅದಕ್ಕೂ ಮೊದಲೇ, 2008ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಅವರ ತಂಡ ಕ್ಷಯದ ರೋಗಾಣುವಿನ ವಿಚಾರದಲ್ಲಿ ಈ ಜರಡಿಯನ್ನು ಹಿಡಿದು ತೋರಿಸಿತ್ತು. ರೋಗಾಣುವಿಗೆ ಬದುಕಲು ಬೇಕೇ ಬೇಕಾದ ಪ್ರೋಟೀನುಗಳು ಯಾವುವು, ಅವುಗಳಲ್ಲಿ ಮನುಷ್ಯನ ಪ್ರೋಟೀನುಗಳನ್ನು ಹೋಲದವು ಯಾವುವು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೋಲದವು ಯಾವುವು ಎಂದು ಸೋಸುತ್ತಾ ಹೋಗಿ ಕೊನೆಗೆ 451 ಗುರಿಗಳಲ್ಲಿ ನಿಂತಿತು. ಅದು ಔಷಧದ ಗುರಿಗಳ ಹುಡುಕಾಟ. ಲಸಿಕೆಗಾದರೆ ಗುರುತು ಹೊರಮೈಯಲ್ಲಿ ಕಾಣುವಂತಿರಬೇಕು ಎಂಬ ಇನ್ನೊಂದು ಜರಡಿ ಸೇರುತ್ತದೆ. ವಿಧಾನ ಒಂದೇ. ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿರುವ ಐಬಿಎಬಿಯಂಥ ಸಂಸ್ಥೆಗಳು ಈ ಕೆಲಸಕ್ಕೆ ಬೇಕಾದ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಾ ಬಂದಿವೆ.

ಆದರೆ ಕಂಪ್ಯೂಟರಿನಲ್ಲಿ ಉಳಿದ ಹೆಸರು ಲಸಿಕೆಯಲ್ಲ. ಅದು ಪ್ರಯೋಗಾಲಯದಲ್ಲಿ ತಯಾರಾಗಬೇಕು, ಇಲಿಗಳನ್ನು ಕಾಪಾಡಬೇಕು, ಮನುಷ್ಯರಿಗೆ ತೊಂದರೆ ಕೊಡಬಾರದು. ಪೀಣ್ಯದ ಲೇತ್ ಯಂತ್ರಗಳ ಸದ್ದಿನಿಂದ ತುಸುವೇ ದೂರದಲ್ಲಿರುವ ವಿಜ್ಞಾನ ಸಂಸ್ಥೆಯಲ್ಲಿ ದೀಪಶಿಖಾ ಚಕ್ರವರ್ತಿ ಅವರ ತಂಡ 2007ರಲ್ಲಿ ವಂಶವಾಹಿಯ ಒಂದು ಭಾಗವನ್ನು ಕಿತ್ತು ಸಾಲ್ಮೊನೆಲ್ಲಾ ರೋಗಾಣುವನ್ನು ಬಡವಾಗಿಸಿ, ಅದು ಇಲಿಗಳಿಗೆ ಟೈಫಾಯ್ಡಿನಂಥ ರೋಗದಿಂದ ಒಳ್ಳೆಯ ರಕ್ಷಣೆ ಕೊಡುತ್ತದೆ ಎಂದು ತೋರಿಸಿತು. ಇಲಿಯಿಂದ ಮಗುವಿನವರೆಗಿನ ದಾರಿ ಹದಿನೈದು ಇಪ್ಪತ್ತು ವರ್ಷಗಳದ್ದು. ಹೆಚ್ಚಿನ ಗುರಿಗಳು ಆ ದಾರಿಯಲ್ಲೇ ಉಳಿದುಬಿಡುತ್ತವೆ.

ಎರಡು ಹೈದರಾಬಾದುಗಳು

ಸರಿಯಾದ ಗುರಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ದೇಶದ ಉದಾಹರಣೆಯೇ ಇದೆ. 1972ರಲ್ಲಿ ನಮ್ಮ ಪಕ್ಕದ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್ ಔಷಧಕ್ಕೆ ಬಗ್ಗದ ಟೈಫಾಯ್ಡ್ ಕಂಡಿತ್ತು. ಅಲ್ಲಿಂದ ಮುಂದೆ ಒಂದೊಂದೇ ಔಷಧ ಸೋಲುತ್ತಾ ಬಂತು. 2016ರ ಕೊನೆಗೆ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಹೆಚ್ಚುಕಡಿಮೆ ಎಲ್ಲ ಔಷಧಗಳನ್ನೂ ಮೀರಿದ ಟೈಫಾಯ್ಡ್ ಎದ್ದಿತು. ಸಾವಿರಾರು ಮಕ್ಕಳು ಹಾಸಿಗೆ ಹಿಡಿದರು. ಆಗ ಅಲ್ಲಿನ ಮಕ್ಕಳಿಗೆ ಹಾಕಿದ್ದು ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ ತಯಾರಾದ ಲಸಿಕೆ. ಪ್ರಯೋಗಾಲಯದಲ್ಲಿ ದೃಢಪಟ್ಟ ಟೈಫಾಯ್ಡಿನ ವಿರುದ್ಧ ಅದು ಶೇ. 95ರಷ್ಟು, ಔಷಧ ಮೀರಿದ ಬಗೆಯ ವಿರುದ್ಧ ಶೇ. 97ರಷ್ಟು ಫಲಕಾರಿ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2019ರಲ್ಲಿ ಪಾಕಿಸ್ತಾನ ಈ ಲಸಿಕೆಯನ್ನು ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಸೇರಿಸಿದ ಮೊದಲ ದೇಶವಾಯಿತು. ಎರಡು ದೇಶಗಳ ನಡುವೆ ಬಸ್ಸು, ರೈಲು ನಿಂತ ವರ್ಷವೂ ಅದೇ. ಒಂದು ಹೈದರಾಬಾದಿನ ಮದ್ದು ಇನ್ನೊಂದು ಹೈದರಾಬಾದಿನ ಕಂದಮ್ಮಗಳನ್ನು ಮುಟ್ಟಲು ಮಾತ್ರ ದಾರಿ ಸಿಕ್ಕಿತ್ತು.

ತಯಾರಿಸಿದ ನಮ್ಮ ದೇಶದಲ್ಲಿ ಏನಾಯಿತು? 2018ರಲ್ಲಿ ನವಿ ಮುಂಬಯಿ ನಗರಪಾಲಿಕೆ ತನ್ನ ಮಕ್ಕಳಿಗೆ ಹಾಕಿ ತೋರಿಸಿತು. 2022ರಲ್ಲಿ ಕೇಂದ್ರದ ತಜ್ಞರ ಸಮಿತಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲು ಶಿಫಾರಸು ಮಾಡಿತು. ಶಿಫಾರಸಿನ ಕಾಗದಕ್ಕೂ ಅಂಗನವಾಡಿಯ ಸೂಜಿಗೂ ನಡುವಿನ ದೂರವನ್ನು ಬಡ ತಾಯಂದಿರೇ ಬಲ್ಲರು. ದುಡ್ಡಿದ್ದವರ ಮಕ್ಕಳು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡರು.

ಕಟ್ಟಡದ ಹಿಂದಿನ ಶೆಡ್ಡು

ಈಗ ನೀರಿನ ಮಾತಿಗೆ ಬರೋಣ. ಮಾನವ ಪ್ರೋಟೀನುಗಳ ನಕ್ಷೆ ತಯಾರಾದ ಟೆಕ್ ಪಾರ್ಕುಗಳ ಹಿಂಬದಿಯಲ್ಲಿ ತಗಡಿನ ಶೆಡ್ಡುಗಳ ಸಾಲುಗಳಿವೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ಗಾರೆ ಕೆಲಸದವರು, ಬಂಗಾಳ ಅಸ್ಸಾಮಿನಿಂದ ಬಂದು ಕಸ ಆಯುವವರು ಅಲ್ಲಿದ್ದಾರೆ. ಹತ್ತಾರು ಸಂಸಾರಗಳಿಗೆ ಒಂದೆರಡು ಪಾಯಿಖಾನೆ. ನೀರು ಟ್ಯಾಂಕರಿನದು, ಯಾವ ಬೋರಿನದು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಪೀಣ್ಯದ ಅಂತರ್ಜಲದಲ್ಲಿ ಪ್ಲೇಟಿಂಗ್ ಶಾಪುಗಳ ಕ್ರೋಮಿಯಂ ಬೆರೆತ ಕಥೆ ಹಳೆಯದು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ಜಗತ್ತೇ ನೋಡಿದೆ. 2007ರಲ್ಲಿ ಮಹಾನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಕಾವೇರಿಯ ಐದನೇ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ನಗರ ನೀರಿಗಾಗಿ ಪರದಾಡಿದಾಗ ಬೆಂಗಳೂರಿನಲ್ಲಿ ಕಾಲರಾ ಮತ್ತೆ ತಲೆ ಎತ್ತಿತು; ವೈದ್ಯ ವಿದ್ಯಾರ್ಥಿನಿಯರ ಹಾಸ್ಟೆಲೊಂದನ್ನೂ ಬಿಡಲಿಲ್ಲ. ಅದರ ಹಿಂದಿನ ವರ್ಷ, 2023ರ ಆಗಸ್ಟಿನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಹೆಸರಘಟ್ಟದಿಂದ ಕೊಳಾಯಿ ಎಳೆದ ಕಾಲದಿಂದ ನೂರಕ್ಕೂ ಹೆಚ್ಚು ವರ್ಷ ಮುಂದೆ ಬಂದಿದ್ದೇವೆ ಎಂದು ಹೇಳಿಕೊಳ್ಳುವುದು ಹೇಗೆ?

ಇಲ್ಲಿ ವಿಜ್ಞಾನವೇ ಹೇಳುವ ಒಂದು ಕಹಿ ಸತ್ಯವಿದೆ. ಕುಡಿಸುವ ಲಸಿಕೆಗಳು ಬಡ ಮಕ್ಕಳಲ್ಲಿ ಕಡಿಮೆ ಕೆಲಸ ಮಾಡುತ್ತವೆ. ಪೋಲಿಯೋ ಹನಿಗಳ ವಿಚಾರದಲ್ಲಿ ವೆಲ್ಲೂರಿನ ಜೇಕಬ್ ಜಾನ್ ಇದನ್ನು 1970ರ ದಶಕದಲ್ಲಿಯೇ ಕಂಡಿದ್ದರು. ಹುಟ್ಟಿದಂದಿನಿಂದ ಕೆಟ್ಟ ನೀರು ಕುಡಿದ ಮಗುವಿನ ಕರುಳು ಸದಾ ಉರಿದುಕೊಂಡೇ ಇರುತ್ತದೆ. ಹೊಸ ಪಾಠ ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಅಂದರೆ ಲಸಿಕೆ ಯಾರಿಗೆ ಹೆಚ್ಚು ಬೇಕೋ ಅವರ ಮೈಯಲ್ಲಿಯೇ ಅದು ಸೋಲುವ ಸಂಭವ ಹೆಚ್ಚು. ಜಗತ್ತಿನ ಅತಿ ಸುರಕ್ಷಿತ ಗುರಿಯನ್ನು ಹುಡುಕಿಕೊಟ್ಟರೂ ಶೆಡ್ಡಿನ ಮಗುವಿಗೆ ಮೊದಲು ಬೇಕಾದದ್ದು ಒಂದು ಕೊಡ ಒಳ್ಳೆಯ ನೀರು.

ಹಾಗೆಂದು ನೀರು ಬರಲಿ, ಲಸಿಕೆ ಆಮೇಲೆ ಎನ್ನುವುದೂ ನ್ಯಾಯವಲ್ಲ. ಕೊಳಾಯಿ ಬರಲು ಹದಿನೇಳು ವರ್ಷ ಬೇಕಾದ ಊರಿನಲ್ಲಿ ಅಷ್ಟರೊಳಗೆ ಒಂದು ಪೀಳಿಗೆಯೇ ಬೆಳೆದುಬಿಡುತ್ತದೆ. ಎರಡೂ ಬೇಕು, ಒಟ್ಟಿಗೇ ಬೇಕು. ನಮ್ಮ ಮೊಹಲ್ಲಾಗಳಲ್ಲಿ, ಮಸೀದಿ ಕಮಿಟಿಗಳಲ್ಲಿ, ಮಹಿಳಾ ಸಂಘಗಳಲ್ಲಿ ಲಸಿಕೆಯ ಬಗ್ಗೆ ಸಂಶಯ ಎದ್ದಾಗ ಬೈದು ಬಾಯಿ ಮುಚ್ಚಿಸದೆ, ಈ ನೂರಮೂವತ್ತು ವರ್ಷಗಳ ಹುಡುಕಾಟವನ್ನು ಹೇಳಬೇಕು. ಸುರಕ್ಷಿತವೇ ಎಂದು ಕೇಳುವುದು ಅಜ್ಞಾನವಲ್ಲ. ವಿಜ್ಞಾನಿಗಳೂ ಕೇಳುತ್ತಾ ಬಂದದ್ದು ಅದೇ ಪ್ರಶ್ನೆಯನ್ನು. ಅದೇ ಜನ ನಗರಪಾಲಿಕೆಯ ಬಾಗಿಲಿಗೆ ಹೋಗಿ ನಮ್ಮ ನೀರು ಸುರಕ್ಷಿತವೇ ಎಂದೂ ಕೇಳಬೇಕು. ಮಿಯಾದಿ ಬುಖಾರಿಗೆ ಮೂರು ವಾರದ ಗಡುವಿತ್ತು. ಬಡವರ ಕೇರಿಗೆ ಶುದ್ಧ ನೀರು ಕೊಡುವ ಕೆಲಸಕ್ಕೆ ನಾವು ಯಾರೂ ಇನ್ನೂ ಗಡುವು ಹಾಕಿಲ್ಲ.